ಮಾವನಿಗೆ ಅರಳು ಮರಳೇ, ಅಥವಾ ಫೋನೂ ನಮ್ಮ ಮಾತೂ ಸೇರಿ ಅವರನ್ನು ಮುದುಕರನ್ನಾಗಿಸಿದವೇ?

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನವರು. ಮಾವನವರಿಗೆ 72 ವರ್ಷ. ಎಂಟು ಎಕರೆ ರೊಬಸ್ಟಾ ತೋಟದ ಲೆಕ್ಕ, ಆಳುಗಳ ಬಟವಾಡೆ, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ಹೋದ ವರ್ಷದವರೆಗೆ ಅವರೇ ನೋಡಿಕೊಳ್ಳುತ್ತಿದ್ದರು. ಕೆವೈಸಿ ಮಾಡಿಸಲು ಬ್ಯಾಂಕಿಗೆ ಹೋದಾಗ ಹೆಬ್ಬೆಟ್ಟನ್ನು ಮೂರು ಸಲ ಒತ್ತಿದರೂ ಯಂತ್ರ ತೆಗೆದುಕೊಳ್ಳಲಿಲ್ಲ. ಅಲ್ಲಿದ್ದ ಹುಡುಗ, ‘ಅಜ್ಜ, ಮನೇಲಿ ಯಾರನ್ನಾದ್ರೂ ಕರ್ಕೊಂಡ್ ಬಾ’ ಎಂದನಂತೆ. ಆಮೇಲೆ ಫೋನಿನ ಪಿನ್ ಎರಡು ಬಾರಿ ಮರೆತರು. ಒಬ್ಬ ಆಳಿಗೆ ಒಂದೇ ವಾರದ ಬಟವಾಡೆಯನ್ನು ಎರಡು ಸಲ ಕೊಟ್ಟರು. ಬೆಂಗಳೂರಿನಲ್ಲಿರುವ ನನ್ನ ಮೈದುನ ಹೆದರಿ, ಮಾವನ ಸಿಮ್ಮನ್ನು ತನ್ನ ಫೋನಿಗೆ ಹಾಕಿಕೊಂಡು, ನಡುಮನೆಗೊಂದು, ಅವರ ಕೋಣೆಗೊಂದು ಕ್ಯಾಮೆರಾ ಹಾಕಿಸಿದ್ದಾನೆ. ಈಗ ಮಾವ ಏನು ಕೇಳಿದರೂ ‘ನಂಗೆ ಅರಳು ಮರಳು, ನನ್ನ ಕೇಳ್ಬೇಡಿ’ ಎನ್ನುತ್ತಾರೆ. ಬೆಳಗ್ಗೆ ಎದ್ದು ಮಳೆಯ ಅಳತೆ ಬರೆಯುವುದನ್ನು ಮಾತ್ರ ಬಿಟ್ಟಿಲ್ಲ. ಇದು ಮರೆವಿನ ಕಾಯಿಲೆಯೇ? ಫೋನು, ದುಡ್ಡು ಮತ್ತೆ ಅವರ ಕೈಗೆ ಕೊಡಬಹುದೇ? ಕ್ಯಾಮೆರಾ ಇರಲೇ? ನಾವು ಆಡಿದ ಮಾತಿನಿಂದಲೇ ಹೀಗಾದರೇ ಎಂದು ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳಿವೆ. ಯಂತ್ರ ಹೆಬ್ಬೆಟ್ಟನ್ನು ಒಪ್ಪಲಿಲ್ಲ, ಪಿನ್ ಮರೆತುಹೋಯಿತು, ಬಟವಾಡೆ ಎರಡು ಸಲ ಆಯಿತು, ಮತ್ತು ಮಾವನವರು ತಮ್ಮನ್ನು ತಾವೇ ಲೆಕ್ಕದಿಂದ ತೆಗೆದುಹಾಕಿಕೊಂಡರು. ನಾಲ್ಕನ್ನೂ ಮನೆಯವರು ‘ವಯಸ್ಸಾಯ್ತು’ ಎಂಬ ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಹಾಸನದಲ್ಲಿ 22 ವರ್ಷಗಳಿಂದ ಹಿರಿಯರಿಗೆ ಚಿಕಿತ್ಸೆ ನೀಡುತ್ತಿರುವ ನನಗೆ ಅತ್ಯಂತ ತೊಂದರೆ ಕೊಟ್ಟಿರುವ ಮಾತು ಇದೇ, ಏಕೆಂದರೆ ಒಂದು ತೊಂದರೆಗೆ ‘ವಯಸ್ಸು’ ಎಂದು ಹೆಸರಿಟ್ಟ ಕ್ಷಣದಿಂದ ಅದರ ಕಾರಣವನ್ನು ಯಾರೂ ಹುಡುಕುವುದಿಲ್ಲ; ಮನೆಯವರೂ ಹುಡುಕುವುದಿಲ್ಲ, ಎಷ್ಟೋ ಸಲ ವೈದ್ಯರೂ ಹುಡುಕುವುದಿಲ್ಲ. ಆದ್ದರಿಂದ ಗಂಟು ಬಿಚ್ಚಿ ಒಂದೊಂದಾಗಿ ನೋಡೋಣ.

ಹೆಬ್ಬೆಟ್ಟಿನ ವಿಷಯದಲ್ಲಿ ಮಾವನವರ ಬುದ್ಧಿಯ ಪಾತ್ರ ಏನೂ ಇಲ್ಲ. ವಯಸ್ಸಾದಂತೆ ಚರ್ಮದ ಬಿಗುವು, ಬೆವರು, ತೇವ ಎಲ್ಲವೂ ಕಡಿಮೆಯಾಗಿ ಬೆರಳಿನ ಗೆರೆಗಳು ಯಂತ್ರಕ್ಕೆ ಮಸುಕಾಗಿ ಕಾಣುತ್ತವೆ. ಅದರ ಮೇಲೆ ಐವತ್ತು ವರ್ಷ ಕತ್ತಿ ಹಿಡಿದು, ಕಾಫಿ ಕೊಯ್ದು, ಮೆಣಸು ಬಿಡಿಸಿದ ಕೈಯಲ್ಲಿ ಗೆರೆಗಳು ಸವೆದೇ ಹೋಗಿರುತ್ತವೆ. ಇನ್ನೊಂದು ಬೆರಳು ಒತ್ತಿ ನೋಡಬಹುದು, ಒದ್ದೆ ಬಟ್ಟೆಯಿಂದ ಬೆರಳು ಒರೆಸಿಕೊಂಡು ಒತ್ತಬಹುದು, ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ನವೀಕರಿಸಬಹುದು. ಕಣ್ಣಿನ ಪಾಪೆ ಅಥವಾ ಮುಖದ ಮೂಲಕ ಗುರುತು ಹಿಡಿಯುವ ವ್ಯವಸ್ಥೆಯೂ ಆಧಾರ್‌ನಲ್ಲಿದೆ. ಕೆವೈಸಿಗೆ ಬೆರಳಚ್ಚೇ ಬೇಕೆಂದೂ ಇಲ್ಲ, ಮತದಾರರ ಗುರುತಿನ ಚೀಟಿ, ಪಾಸ್‌ಪೋರ್ಟ್, ಚಾಲನಾ ಪರವಾನಗಿಗಳೂ ನಡೆಯುತ್ತವೆ. ಇಷ್ಟು ಹೇಳಬೇಕಾದ ಜಾಗದಲ್ಲಿ ಅವರಿಗೆ ಸಿಕ್ಕಿದ್ದು ‘ಮನೇಲಿ ಯಾರನ್ನಾದ್ರೂ ಕರ್ಕೊಂಡ್ ಬಾ’ ಎಂಬ ಉತ್ತರ. ನಮ್ಮ ಕಡೆ ‘ಹೆಬ್ಬೆಟ್ಟು’ ಎಂದರೆ ಏನರ್ಥ ಎಂದು ನಿಮಗೆ ಗೊತ್ತಿದೆ. ಓದು ಬಾರದವರು, ಸಹಿ ಹಾಕಲಾರದವರು. ಮಾವನವರು ತಮ್ಮ ಜೀವಮಾನವಿಡೀ ಚೆಂದದ ಸಹಿ ಹಾಕಿ ಬ್ಯಾಂಕಿನ ಮರ್ಯಾದೆ ಪಡೆದವರು. ಅಂಥವರಿಂದ ಹೆಬ್ಬೆಟ್ಟು ಕೇಳಿ, ಅದೂ ಸರಿಯಿಲ್ಲ ಎಂದು ತಿರಸ್ಕರಿಸಿದಾಗ ಆದ ಗಾಯ ದೊಡ್ಡದು.

ಪಿನ್ ಮರೆತದ್ದರಲ್ಲೂ ಹೆದರುವಂಥದ್ದು ಹೆಚ್ಚಿಲ್ಲ. ವಯಸ್ಸಾದಂತೆ ಮೆದುಳಿನ ವೇಗ ಕಡಿಮೆಯಾಗುತ್ತದೆ, ಹೆಸರುಗಳು ಬಾಯಿಗೆ ಬರಲು ತಡವಾಗುತ್ತವೆ, ಹೊಸದನ್ನು ಕಲಿಯಲು ಹೆಚ್ಚು ಸಲ ಮಾಡಿ ನೋಡಬೇಕಾಗುತ್ತದೆ. ಆದರೆ ಶಬ್ದಸಂಪತ್ತು, ಲೋಕಜ್ಞಾನ, ಕೈಗೆ ರೂಢಿಯಾದ ಕೆಲಸಗಳು ಎಪ್ಪತ್ತರಲ್ಲೂ ಗಟ್ಟಿಯಾಗಿಯೇ ಇರುತ್ತವೆ. ತಿಂಗಳಿಗೊಮ್ಮೆ ಬಳಸುವ, ಯಾವುದಕ್ಕೂ ನಂಟಿಲ್ಲದ ನಾಲ್ಕಂಕಿಯನ್ನು ಮೂವತ್ತರ ಹುಡುಗರೂ ಮರೆಯುತ್ತಾರೆ, ಆದರೆ ಅವರನ್ನು ಯಾರೂ ಅರಳು ಮರಳು ಎನ್ನುವುದಿಲ್ಲ. ತೋಟದ ಸರ್ವೆ ನಂಬರ್‌ಗಳನ್ನು ಮಾವನವರನ್ನು ಕೇಳಿ ನೋಡಿ, ಬಹುಶಃ ಹಿಸ್ಸಾ ಸಮೇತ ಹೇಳುತ್ತಾರೆ.

ಫೋನಿನ ರಚನೆಯೂ ಇಲ್ಲಿ ಪಕ್ಷಪಾತಿ. ಅದರ ಪರದೆ ಬೆರಳಿನ ಒತ್ತಡವನ್ನಲ್ಲ, ಚರ್ಮದ ಮೂಲಕ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು ಗುರುತಿಸುತ್ತದೆ. ಒಣಗಿದ, ದಪ್ಪಗಟ್ಟಿದ ಬೆರಳು ಅದಕ್ಕೆ ಸರಿಯಾಗಿ ತಾಕುವುದಿಲ್ಲ. ತಾಕಲಿಲ್ಲವೆಂದು ಹಿರಿಯರು ಒತ್ತಿ ಹಿಡಿಯುತ್ತಾರೆ, ಒತ್ತಿ ಹಿಡಿದರೆ ಫೋನು ಅದನ್ನು ಬೇರೆಯೇ ಆಜ್ಞೆ ಎಂದು ತಿಳಿದು ಬೇರೇನನ್ನೋ ತೆರೆಯುತ್ತದೆ, ಪಕ್ಕದಲ್ಲಿ ನಿಂತ ಮೊಮ್ಮಗು ‘ಅಯ್ಯೋ ತಾತ, ನಿಂಗೆ ಗೊತ್ತಾಗಲ್ಲ’ ಎಂದು ಕೈಯಿಂದ ಕಿತ್ತುಕೊಳ್ಳುತ್ತದೆ. ಆಂಡ್ರಾಯ್ಡ್ ಫೋನಿನ ಆಕ್ಸೆಸಿಬಿಲಿಟಿ ಎಂಬ ಭಾಗದಲ್ಲಿ ಈ ಒತ್ತಿ ಹಿಡಿಯುವ ಅವಧಿಯನ್ನು ಹೆಚ್ಚಿಸುವ, ಅಕ್ಷರ ದೊಡ್ಡದು ಮಾಡುವ ಅವಕಾಶಗಳಿವೆ. ಐದು ನಿಮಿಷದ ಕೆಲಸ, ಆದರೂ ನನ್ನ ಬಳಿ ಬರುವ ಹಿರಿಯರ ಫೋನುಗಳಲ್ಲಿ ಅದನ್ನು ಮಾಡಿಕೊಟ್ಟ ಮಕ್ಕಳು ಬೆರಳೆಣಿಕೆಯಷ್ಟು. ಕರೆಯಲ್ಲಿ ಕೇಳಿಸದಿರುವುದಕ್ಕೂ ಹೀಗೆಯೇ ಕಾರಣವಿದೆ. ಮುಪ್ಪಿನಲ್ಲಿ ಮೊದಲು ಕ್ಷೀಣಿಸುವುದು ಎತ್ತರದ ಶ್ರುತಿಯ ಶಬ್ದಗಳನ್ನು ಕೇಳುವ ಶಕ್ತಿ. ಸ, ಶ, ಚ ಮೊದಲಾದ ವ್ಯಂಜನಗಳು ಇರುವುದು ಅಲ್ಲಿಯೇ, ಸಾಧಾರಣ ದೂರವಾಣಿ ಕರೆ ಕತ್ತರಿಸಿಹಾಕುವುದೂ ಬಹುತೇಕ ಅದನ್ನೇ. ಎದುರಿಗೆ ಕೂತಾಗ ಸರಿಯಾಗಿ ಮಾತನಾಡುವವರು ಫೋನಿನಲ್ಲಿ ಅಸಂಬದ್ಧ ಉತ್ತರ ಕೊಟ್ಟರೆ ಮೊದಲು ಕಿವಿಯನ್ನು ಅನುಮಾನಿಸಬೇಕು.

ಬಟವಾಡೆ ಎರಡು ಸಲ ಕೊಟ್ಟ ಸಂಗತಿಯನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇದು ಹೊಸ ಕೆಲಸವಲ್ಲ, ಅವರು ದಶಕಗಳಿಂದ ಮಾಡಿದ ಕೆಲಸ. ರೂಢಿಯ ಕೆಲಸದಲ್ಲಿ ತಪ್ಪು ಕಂಡಾಗ ಪರೀಕ್ಷೆ ಮಾಡಿಸುವುದು ಅಗತ್ಯ. ಒಂದೇ ಸಲ ಆಗಿದ್ದರೆ ಅಷ್ಟು ಚಿಂತೆಯಿಲ್ಲ. ಆದರೆ ಒಂದೇ ಪ್ರಶ್ನೆಯನ್ನು ಗಂಟೆಯೊಳಗೆ ಮತ್ತೆ ಮತ್ತೆ ಕೇಳುವುದು, ಪರಿಚಿತ ದಾರಿಯಲ್ಲಿ ತಬ್ಬಿಬ್ಬಾಗುವುದು, ಮಾತಿನ ನಡುವೆ ಸಾಧಾರಣ ವಸ್ತುವಿನ ಹೆಸರೇ ಸಿಗದಿರುವುದು, ಸ್ವಭಾವವೇ ಬದಲಾಗುವುದು, ಇವು ಆರು ತಿಂಗಳಿನಿಂದ ಹೆಚ್ಚುತ್ತಿವೆಯೇ ಎಂದು ನೀವೂ ಅತ್ತೆಯವರೂ ಕೂತು ಯೋಚಿಸಿ ಬರೆದಿಡಿ. ಗೊಂದಲ ಎರಡು ಮೂರು ದಿನಗಳಲ್ಲಿ ದಿಢೀರನೆ ಬಂದರೆ ಅದು ತುರ್ತು: ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ತಲೆಗೆ ಬಿದ್ದ ಪೆಟ್ಟು ಇವುಗಳಲ್ಲಿ ಯಾವುದಾದರೂ ಇರಬಹುದು, ಅದೇ ದಿನ ಆಸ್ಪತ್ರೆಗೆ ಕರೆತರಬೇಕು.

ಮರೆವಿನ ಕಾಯಿಲೆಯ ಭಯಕ್ಕೆ ಒಂದು ಅಳತೆ ಇರಲಿ. ದೇಶವ್ಯಾಪಿ ಅಧ್ಯಯನವೊಂದರ ಆಧಾರದ ಮೇಲೆ 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ಶೇ. 7.4, ಸುಮಾರು 88 ಲಕ್ಷ ಜನ. ಸಂಖ್ಯೆ ಸಣ್ಣದಲ್ಲ. ಆದರೆ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಅದಿಲ್ಲ ಎಂಬುದೂ ಇದೇ ಸಂಖ್ಯೆಯ ಅರ್ಥ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಹೇಳುವುದು ಇದಕ್ಕೆ ತದ್ವಿರುದ್ಧ. ಆ ಗಾದೆಯನ್ನೊಮ್ಮೆ ಕಿವಿಗೊಟ್ಟು ಕೇಳಿ: ಅರವತ್ತು, ಅರಳು, ಮರಳು. ಅಲ್ಲಿ ಅರವತ್ತನ್ನು ಆರಿಸಿರುವುದು ಪ್ರಾಸವೇ ಹೊರತು ವೈದ್ಯಶಾಸ್ತ್ರವಲ್ಲ. ಪ್ರಾಸ ಕೂಡಿತೆಂಬ ಕಾರಣಕ್ಕೆ ತಲೆಮಾರುಗಳಿಂದ ನಮ್ಮ ನಾಲಿಗೆಯ ಮೇಲೆ ಉಳಿದ ಈ ಮಾತು ಇಂದು ಮಾವನವರ ಬಾಯಿಂದ ಅವರ ವಿರುದ್ಧವೇ ಹೊರಡುತ್ತಿದೆ.

ನಿಮ್ಮ ಕೊನೆಯ ಪ್ರಶ್ನೆ ನನಗೆ ಮುಖ್ಯವಾಗಿ ಕಂಡಿತು. ಮಾತಿನಿಂದ ಮರೆವಿನ ಕಾಯಿಲೆ ಹುಟ್ಟುವುದಿಲ್ಲ. ನೀವು ಆ ಹೊರೆ ಹೊರುವುದು ಬೇಡ. ಆದರೆ ಮಾತಿನಿಂದ ಮನುಷ್ಯ ಕುಗ್ಗುತ್ತಾನೆ, ಕುಗ್ಗಿದವನು ಕಡಿಮೆ ಪ್ರಯತ್ನಿಸುತ್ತಾನೆ, ಪ್ರಯತ್ನಿಸದ ಕೆಲಸ ಕೈತಪ್ಪುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರಗಳಿವೆ. ಇದು ನೆನಪಿನ ಪರೀಕ್ಷೆ ಎಂದು ಮೊದಲೇ ಹೇಳಿ, ವಯಸ್ಸನ್ನು ನೆನಪಿಸಿ ಪರೀಕ್ಷಿಸಿದಾಗ ಹಿರಿಯರು ತಮ್ಮ ಶಕ್ತಿಗಿಂತ ಕಡಿಮೆ ಅಂಕ ಪಡೆಯುವುದನ್ನು ಹಲವು ಪ್ರಯೋಗಗಳು ತೋರಿಸಿವೆ. ಅಮೆರಿಕದ ಓಹಾಯೊ ರಾಜ್ಯದ ಒಂದು ಊರಿನಲ್ಲಿ 50 ದಾಟಿದ 660 ಮಂದಿಯನ್ನು 1975ರಿಂದ ಹಲವು ವರ್ಷ ಗಮನಿಸಲಾಗಿತ್ತು. ಆ ದಾಖಲೆಗಳನ್ನು ಪರಿಶೀಲಿಸಿದ ಮನಶ್ಶಾಸ್ತ್ರಜ್ಞೆ ಬೆಕಾ ಲೆವಿ ಮತ್ತು ಸಂಗಡಿಗರು, ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದರೆಂದು 2002ರಲ್ಲಿ ಪ್ರಕಟಿಸಿದರು. ಇದನ್ನು ಮಂತ್ರದಂತೆ ನಂಬಬೇಕಿಲ್ಲ. ಭಾವನೆಯೇ ಆಯುಸ್ಸನ್ನು ಹೆಚ್ಚಿಸಿತೆಂದು ಅದು ಪೂರ್ತಿ ಸಾಬೀತು ಮಾಡುವುದಿಲ್ಲ. ಆದರೆ ಅವರ ಆರೋಗ್ಯ, ಆದಾಯಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಅಂತರ ಉಳಿದಿತ್ತು ಎಂಬುದನ್ನು ತಳ್ಳಿಹಾಕಲಾಗದು. ವಯಸ್ಸಿನ ಕಾರಣಕ್ಕೆ ಮನುಷ್ಯರನ್ನು ಕೀಳಾಗಿ ಕಾಣುವುದಕ್ಕೆ ಇಂಗ್ಲಿಷಿನಲ್ಲಿ ಏಜಿಸಂ ಎಂಬ ಹೆಸರು ಹುಟ್ಟಿದ್ದೇ 1969ರಲ್ಲಿ, ರಾಬರ್ಟ್ ಬಟ್ಲರ್ ಎಂಬ ವೈದ್ಯರಿಂದ. ನಾವು ವಯೋಭೇದ ಎನ್ನಬಹುದು. ಜಾತಿಭೇದ, ಲಿಂಗಭೇದ ಎಂದರೆ ತಟ್ಟನೆ ಅರ್ಥವಾಗುವ ನಮಗೆ ಇದು ಇನ್ನೂ ನಾಲಿಗೆಗೆ ಬಂದಿಲ್ಲ.

ಕನ್ನಡದಲ್ಲಿ ಈ ಭೇದ ನಡೆಯುವುದು ಬೈಗುಳದಲ್ಲಿ ಅಲ್ಲ, ಸರ್ವನಾಮದಲ್ಲಿ. ಅರವತ್ತೈದರವರೆಗೆ ‘ಗೌಡ್ರೇ ಬನ್ನಿ, ಯಜಮಾನ್ರೇ ಕೂತ್ಕೊಳ್ಳಿ’ ಎನ್ನುತ್ತಿದ್ದ ಜಾಗದಲ್ಲಿ, ಕೂದಲು ಪೂರ್ತಿ ಬೆಳ್ಳಗಾದ ಮೇಲೆ ‘ಬಾ ಅಜ್ಜ, ಕೂತ್ಕೊ’ ಆಗುತ್ತದೆ. ಆಡುವವನಲ್ಲಿ ಅಕ್ಕರೆಯೇ ಇರಬಹುದು, ಏಕೆಂದರೆ ಸ್ವಂತ ಅಜ್ಜನನ್ನು ಅನೇಕ ಮನೆಗಳಲ್ಲಿ ಏಕವಚನದಲ್ಲೇ ಕರೆಯುತ್ತೇವೆ. ಆದರೆ ಮೊಮ್ಮಗನ ‘ನೀನು’ ಬೇರೆ, ಕೌಂಟರಿನ ಹಿಂದಿನ ಅಪರಿಚಿತನ ‘ನೀನು’ ಬೇರೆ. ನಮ್ಮ ಆಸ್ಪತ್ರೆಗಳಲ್ಲೂ ಇದೇ ರೋಗವಿದೆ. ರೋಗಿ ಎದುರಿಗೇ ಕೂತಿರುತ್ತಾರೆ, ವೈದ್ಯರು ಸೊಸೆಯ ಮುಖ ನೋಡಿ ‘ಇವ್ರಿಗೆ ರಾತ್ರಿ ನಿದ್ದೆ ಬರುತ್ತಾ?’ ಎಂದು ಕೇಳುತ್ತಾರೆ. ಕೆಲವು ವರ್ಷಗಳ ಹಿಂದೆ ಅರಸೀಕೆರೆ ಕಡೆಯ ಹಿರಿಯ ಮಹಿಳೆಯೊಬ್ಬರನ್ನು ‘ಪೂರ್ತಿ ಮಗು ಥರ ಆಗ್ಬಿಟ್ಟಿದ್ದಾರೆ, ಏನೂ ತಿಳಿಯಲ್ಲ’ ಎಂದು ಮಕ್ಕಳು ಕರೆತಂದಿದ್ದರು. ನಾನೂ ಮೊದಲ ಹತ್ತು ನಿಮಿಷ ಮಗಳ ಜೊತೆಯೇ ಮಾತನಾಡಿದೆ. ಆಮೇಲೆ ನೋಡಿದರೆ ಎರಡೂ ಕಿವಿಗಳಲ್ಲಿ ಗುಗ್ಗೆ ಕಲ್ಲಿನಂತೆ ಗಟ್ಟಿಯಾಗಿತ್ತು. ಎಣ್ಣೆ ಬಿಟ್ಟು ಮೆತ್ತಗಾಗಿಸಿ, ನಾಲ್ಕು ದಿನದ ನಂತರ ತೆಗೆದ ಮೇಲೆ ಆ ತಾಯಿ ಆಡಿದ ಮೊದಲ ಮಾತು, ಅವರ ಮಗಳಿಗೆ: ‘ಅಷ್ಟು ಜೋರಾಗಿ ಯಾಕ್ ಮಾತಾಡ್ತೀಯ?’ ಅಂದಿನಿಂದ ನಾನು ಹಿರಿಯರ ಕಿವಿಯನ್ನು ನೋಡದೆ ಅವರ ಬುದ್ಧಿಯ ಬಗ್ಗೆ ಒಂದಕ್ಷರವೂ ಬರೆಯುವುದಿಲ್ಲ.

ಯಂತ್ರಗಳು ಈ ಭಾಷೆಗೆ ಒಂದು ಸಂಖ್ಯೆಯ ಖಚಿತತೆಯನ್ನು ಸೇರಿಸಿವೆ. ನಮ್ಮ ಹಿಂದಿನವರ ವಯಸ್ಸು ಸಂವತ್ಸರದ ಹೆಸರಿನಲ್ಲಿ, ದೊಡ್ಡ ಮಳೆಯ ನೆನಪಿನಲ್ಲಿ ಇರುತ್ತಿತ್ತು. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳ ಚಕ್ರ ಮುಗಿದು ಹುಟ್ಟಿದ ಸಂವತ್ಸರ ಮರಳಿ ಬಂದಾಗ ಷಷ್ಟ್ಯಬ್ದಿ, ಸಾವಿರ ಹುಣ್ಣಿಮೆ ಕಂಡಾಗ, ಅಂದರೆ ಸುಮಾರು 81ಕ್ಕೆ, ಸಹಸ್ರಚಂದ್ರ ದರ್ಶನ. ಅರಳು ಮರಳು ಎಂದ ಭಾಷೆಯೇ ಅದೇ ಅರವತ್ತನ್ನು ಮರುಹುಟ್ಟಿನಂತೆ ಸಂಭ್ರಮಿಸಿದೆ. ನನ್ನ ಹಿರಿಯ ರೋಗಿಗಳಲ್ಲಿ ಎಷ್ಟೋ ಮಂದಿ ದಾಖಲೆಯ ಪ್ರಕಾರ ಜೂನ್ 1ರಂದೋ ಜನವರಿ 1ರಂದೋ ಹುಟ್ಟಿದವರು; ಒಂದನ್ನು ಶಾಲೆಯ ಮೇಷ್ಟರು ಬರೆದುಕೊಂಡರು, ಇನ್ನೊಂದನ್ನು ಗಣಕಯಂತ್ರ. ಆ ಅಂದಾಜಿನ ತಾರೀಖೇ ಇಂದು ಅವರು ಯಾವ ಸಾಲಿನಲ್ಲಿ ನಿಲ್ಲಬೇಕೆಂದು ತೀರ್ಮಾನಿಸುತ್ತದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಗೆ 60, ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಗೆ 65, ಆದಾಯ ತೆರಿಗೆಯಲ್ಲಿ ಅತಿ ಹಿರಿಯರೆನಿಸಿಕೊಳ್ಳಲು 80. ಇವು ಸೌಲಭ್ಯ ಹಂಚಲು ಸರ್ಕಾರ ಎಳೆದ ಗೆರೆಗಳೇ ಹೊರತು ದೇಹದೊಳಗಿನ ಗೆರೆಗಳಲ್ಲ. ಫೋನಿನಲ್ಲಿ ಯಾವುದಾದರೂ ಅರ್ಜಿ ತುಂಬುವಾಗ ಹುಟ್ಟಿದ ವರ್ಷದ ಪಟ್ಟಿ ಈ ವರ್ಷದಿಂದಲೇ ಆರಂಭವಾಗುತ್ತದೆ. ಮಾವನವರು ತಮ್ಮ ವರ್ಷ ತಲುಪಲು ಎಪ್ಪತ್ತೆರಡು ಸಾಲು ಕೆಳಗೆ ಜಾರಿಸಬೇಕು, ಬೆರಳು ಜಾರಿದರೆ ಮತ್ತೆ ಮೊದಲಿನಿಂದ. ಆ ಪುಟವನ್ನು ರಚಿಸಿದವರು ತಮ್ಮನ್ನು ನೆನಪಿಸಿಕೊಂಡೇ ಇಲ್ಲ ಎಂಬುದು ಯಾರೂ ಹೇಳದೆಯೇ ಅವರಿಗೆ ತಿಳಿಯುತ್ತದೆ.

ಈಗ ಏನು ಮಾಡಬಹುದು ಎಂಬುದು. ಮೊದಲನೆಯದು ತಪಾಸಣೆ. ಥೈರಾಯ್ಡ್, ವಿಟಮಿನ್ ಬಿ12, ಸೋಡಿಯಂ, ಸಕ್ಕರೆ, ಮೂತ್ರಪಿಂಡದ ಪರೀಕ್ಷೆಗಳು, ಕಣ್ಣಿನ ಪೊರೆ ಮತ್ತು ಕಿವಿಯ ಪರೀಕ್ಷೆ, ಜೊತೆಗೆ ಅವರು ನುಂಗುತ್ತಿರುವ ಎಲ್ಲ ಮಾತ್ರೆಗಳ ಪರಿಶೀಲನೆ ಆಗಬೇಕು. ಶೀತಕ್ಕೆಂದು ಅಂಗಡಿಯಿಂದ ತರುವ ಕೆಲವು ಮಾತ್ರೆಗಳು, ನಿದ್ದೆಯ ಮಾತ್ರೆಗಳು ಹಿರಿಯರಲ್ಲಿ ಮರೆವನ್ನೂ ಗೊಂದಲವನ್ನೂ ತರುತ್ತವೆ. ರಕ್ತದೊತ್ತಡದ ಕೆಲವು ಮಾತ್ರೆಗಳು ಸೋಡಿಯಂ ಇಳಿಸುತ್ತವೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುತ್ತದೆ. ‘ನನ್ನ ಕೇಳ್ಬೇಡಿ’ ಎಂಬ ಮಾತಿನ ಹಿಂದೆ ಖಿನ್ನತೆ ಇದೆಯೇ ಎಂದೂ ನೋಡಬೇಕು. ಹಿರಿಯರಲ್ಲಿ ಅದು ಅಳುವಾಗಿ ಕಾಣುವುದಕ್ಕಿಂತ ಹೆಚ್ಚಾಗಿ ಮೌನವಾಗಿ, ಮರೆವಾಗಿ ಕಾಣುತ್ತದೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ದೂರದಿಂದಲೇ ಮೊದಲ ಸಲಹೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಪರೀಕ್ಷೆಗೆ ಕರೆತರುವಾಗ ‘ನಿಮ್ಮ ತಲೆ ಸರಿಯಿದೆಯಾ ನೋಡ್ಸಣ’ ಎನ್ನಬೇಡಿ. ವರ್ಷಕ್ಕೊಮ್ಮೆ ಆಗಬೇಕಾದ ತಪಾಸಣೆ ಎಂದರೆ ಸಾಕು, ಅದು ನಿಜವೂ ಹೌದು. ಎಲ್ಲ ನೋಡಿದ ಮೇಲೆ ಮರೆವಿನ ಕಾಯಿಲೆಯೇ ಎಂದು ತಿಳಿದುಬಂದರೂ ಆರಂಭದಲ್ಲೇ ಗೊತ್ತಾದದ್ದು ಒಳ್ಳೆಯದು, ಅವರ ಇಚ್ಛೆಗಳನ್ನು ಅವರ ಬಾಯಿಂದಲೇ ಕೇಳಿ ಬರೆದಿಡಲು ಸಮಯವಿರುತ್ತದೆ.

ಫೋನು, ದುಡ್ಡಿನ ವಿಷಯದಲ್ಲಿ ಮೈದುನರ ಹೆದರಿಕೆಯನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸಿ ಹಣ ಕಸಿಯುವವರಿಗೆ ಒಂಟಿ ಹಿರಿಯರು ಸುಲಭದ ಗುರಿ. ಆದರೆ ಸಿಮ್ಮನ್ನೇ ತೆಗೆದುಕೊಂಡರೆ ಒಟಿಪಿ, ಪಿಂಚಣಿಯ ಸಂದೇಶ, ಗೆಳೆಯರ ಕರೆ ಎಲ್ಲವೂ ಹೋಗಿ, ಮನುಷ್ಯ ತನ್ನದೇ ಹಣದ ಬಗ್ಗೆ ಮಗನನ್ನು ಕೇಳುವಂತಾಗುತ್ತದೆ. ಖಾತೆದಾರರ ಒಟಿಪಿ ಇನ್ನೊಬ್ಬರ ಕೈಯಲ್ಲಿರುವುದನ್ನು ಬ್ಯಾಂಕುಗಳೂ ಒಪ್ಪುವುದಿಲ್ಲ. ಸಿಮ್ ಮರಳಿ ಕೊಡಿಸಿ. ದೊಡ್ಡ ಮೊತ್ತ ಇರುವ ಖಾತೆಗೆ ಫೋನಿನ ಪಾವತಿಯನ್ನು ಜೋಡಿಸದೆ, ತಿಂಗಳ ಖರ್ಚಿನಷ್ಟೇ ಇರುವ ಇನ್ನೊಂದು ಖಾತೆಗೆ ಜೋಡಿಸಿ, ದಿನದ ಮಿತಿಯನ್ನು ಕಡಿಮೆ ಇಡಿ. ಮೋಸವಾದರೆ ಆಗುವ ನಷ್ಟ ಸಣ್ಣದಾಗಿರುತ್ತದೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕೆಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಅತ್ತೆಯವರ ಜೊತೆ ಜಂಟಿ ಖಾತೆ ಇದ್ದರೆ ಒಳ್ಳೆಯದು. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಲ್ಲೇ ಮೂಲ ಸೇವೆಗಳನ್ನು ನೀಡಲು ರಿಸರ್ವ್ ಬ್ಯಾಂಕು 2017ರ ನವೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ನಿಮ್ಮ ಶಾಖೆಯಲ್ಲಿ ಕೇಳಿ. ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಬರೆಸುವ ಯೋಚನೆಯಿದ್ದರೆ ಒಂದು ಎಚ್ಚರ: ಬರೆದುಕೊಟ್ಟವರು ಮಾನಸಿಕ ಸಾಮರ್ಥ್ಯ ಕಳೆದುಕೊಂಡರೆ ನಮ್ಮ ಕಾನೂನಿನಲ್ಲಿ ಅಂಥ ಅಧಿಕಾರಪತ್ರ ನಿಲ್ಲುವುದಿಲ್ಲ. ಅವಸರದಲ್ಲಿ ತೋಟವನ್ನು ದಾನಪತ್ರ ಮಾಡಿಸುವುದಂತೂ ಬೇಡವೇ ಬೇಡ. ಬಟವಾಡೆಗೆ ಪುಸ್ತಕವೊಂದನ್ನು ಇಟ್ಟು, ಹಣ ಅವರೇ ಕೊಡಲಿ, ಪಡೆದವರ ರುಜುವನ್ನು ನೀವು ಹಾಕಿಸಿಕೊಳ್ಳಿ. ಯಜಮಾನಿಕೆ ಉಳಿಯುತ್ತದೆ, ತಪ್ಪೂ ಸಿಕ್ಕಿಬೀಳುತ್ತದೆ.

ಕೋಣೆಯೊಳಗಿನ ಕ್ಯಾಮೆರಾವನ್ನು ತೆಗೆಸಿ. ಅವರು ಬಿದ್ದರೆ ಗೊತ್ತಾಗಲಿ ಎಂಬ ಉದ್ದೇಶ ಸರಿ, ಆದರೆ ಬೆಂಗಳೂರಿನ ಕಚೇರಿಯಲ್ಲಿ ಕೂತವರು ಎಷ್ಟು ಹೊತ್ತು ಪರದೆ ನೋಡಿಯಾರು? ಮೇಲಾಗಿ ನಿಮ್ಮ ಕಡೆ ಆಷಾಢದ ಮಳೆಯಲ್ಲಿ ಕರೆಂಟು ಹೋಗಿ, ನೆಟ್‌ವರ್ಕ್ ಸತ್ತು, ನೆಲ ಜಾರುವ ದಿನಗಳಲ್ಲೇ ಅದು ಕುರುಡಾಗಿರುತ್ತದೆ. ಬಚ್ಚಲಿಗೊಂದು ಹಿಡಿಕೆ, ಕೋಣೆಯಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಬ್ಯಾಟರಿಯ ಸಣ್ಣ ದೀಪ, ಬೀಳುವುದನ್ನು ತಪ್ಪಿಸುವಲ್ಲಿ ಕ್ಯಾಮೆರಾಕ್ಕಿಂತ ಮೇಲು. ಕಣದಲ್ಲಿ ಕಾಫಿ ಒಣಗುವಾಗ ಕಾವಲಿಗೆಂದು ಕ್ಯಾಮೆರಾ ಇರಲಿ, ಅದರ ಪರದೆಯನ್ನು ಮಾವನವರ ಕೈಗೇ ಕೊಡಿ. ಹಾಗೆ ತೆಗೆಯುವುದರಲ್ಲಿ ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. ಒಂದು ದಿನ ಬಿದ್ದಾರು, ತಡವಾಗಿ ಗೊತ್ತಾದೀತು. ಆ ಅಪಾಯವನ್ನು ಒಪ್ಪಬೇಕೋ ಬೇಡವೋ ಎಂದು ಅವರನ್ನೇ ಕೇಳಬೇಕು. ಇದುವರೆಗೆ ಯಾರೂ ಕೇಳಿದಂತೆ ನಿಮ್ಮ ಪತ್ರದಲ್ಲಿ ಕಾಣಲಿಲ್ಲ.

ಮಾತಿನ ವಿಷಯದಲ್ಲಿ ಕ್ಷಮೆ ಕೇಳುವ ಸಮಾರಂಭ ಏನೂ ಬೇಡ. ಅವರು ‘ನನ್ನ ಕೇಳ್ಬೇಡಿ’ ಎಂದಾಗ ‘ಹಾಗಾದ್ರೆ ಯಾರನ್ನ ಕೇಳಲಿ ಮಾವ?’ ಎನ್ನಿ, ಮತ್ತು ನಿಜವಾಗಿಯೂ ಉತ್ತರ ಬೇಕಾಗಿರುವ ಪ್ರಶ್ನೆಯನ್ನೇ ಕೇಳಿ. ಕಾಫಿಯ ಹೂ ಅರಳಿಸುವ ಹೂಮಳೆ ತಡವಾದರೆ ನೀರು ಹೊಡೆಸಬೇಕೇ, ಎಷ್ಟು ದಿನ ಕಾಯಬಹುದು ಎಂಬುದು ಅಂಥ ಪ್ರಶ್ನೆ. ಅವರನ್ನು ಸಮಾಧಾನಪಡಿಸಲು ಕೇಳುವ ಪ್ರಶ್ನೆ ಯಾವುದು, ಬೇಕಾಗಿ ಕೇಳುವ ಪ್ರಶ್ನೆ ಯಾವುದು ಎಂದು ಹಿರಿಯರಿಗೆ ಚೆನ್ನಾಗಿ ತಿಳಿಯುತ್ತದೆ.

ತಪಾಸಣೆಗೆ ಬರುವಾಗ ಅವರ ಮಳೆಯ ಡೈರಿಗಳನ್ನು ತನ್ನಿ, ಈ ವರ್ಷದ್ದು ಮತ್ತು ಹಿಂದಿನ ಮೂರು ನಾಲ್ಕು ವರ್ಷಗಳದ್ದು. ಇಂಚು, ಸೆಂಟುಗಳ (ಇಂಚಿನ ನೂರನೇ ಒಂದು ಭಾಗ) ಅಂಕಿ ನೇರವಾಗಿ ಬಿದ್ದಿದೆಯೇ, ದಿನ ತಪ್ಪಿದೆಯೇ, ಒಂದೇ ದಿನದ ಮಳೆ ಎರಡು ಸಲ ದಾಖಲಾಗಿದೆಯೇ, ತಿಂಗಳ ಕೊನೆಯ ಮೊತ್ತ ಸರಿಯಿದೆಯೇ, ಅಕ್ಷರ ಕಿರಿದಾಗಿದೆಯೇ ಎಂಬುದನ್ನು ಪುಟಕ್ಕೆ ಪುಟ ಇಟ್ಟು ಹೋಲಿಸಿದರೆ, ಅವರ ಮೆದುಳು ಈ ನಾಲ್ಕು ವರ್ಷಗಳಲ್ಲಿ ಹೇಗಿತ್ತೆಂದು ನನ್ನ ಅರ್ಧ ಗಂಟೆಯ ಪರೀಕ್ಷೆಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಡೈರಿಯನ್ನು ನೀವು ಚೀಲದಲ್ಲಿ ಹಾಕಿಕೊಂಡು ಬರಬೇಡಿ, ಅವರ ಅನುಮತಿ ಕೇಳಿ, ಅವರೇ ಹಿಡಿದು ತರಲಿ. ಪುಟಗಳನ್ನು ನಾನು ಅವರ ಜೊತೆ ಕೂತು ತಿರುವುತ್ತೇನೆ.